ಕಬ್ಬಿನ ಹೊಸ ತಳಿ ಹುಟ್ಟುವುದು ಹೇಗೆ? ಒಂದು ಸೂಲಂಗಿಯ ಹನ್ನೆರಡು ವರ್ಷದ ಕತೆ

ಹೋದ ತಿಂಗಳು ನಮ್ಮ ದೊಡ್ಡಪ್ಪ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದರು. ಯಾರೋ ಒಬ್ಬರು ಕಬ್ಬಿನ ಗದ್ದೆಯಲ್ಲಿ ನಿಂತಿದ್ದಾರೆ. ಕಬ್ಬು ಎರಡಾಳು ಎತ್ತರ ಇದೆ, ಕೈಯಲ್ಲಿ ಹಿಡಿದ ಜಲ್ಲೆ ಅವರ ಮುಂಗೈಯಷ್ಟು ದಪ್ಪ. 'ಹೊಸ ತಳಿ. ಎಕರೆಗೆ ನೂರು ಟನ್ ಗ್ಯಾರಂಟಿ. ಸಸಿ ಬೇಕಾದವರು ಫೋನ್ ಮಾಡಿ' ಅಂತ ಕೆಳಗೆ ಅಕ್ಷರ ಓಡುತ್ತಿದೆ. ವಿಡಿಯೊ ಬೆನ್ನಿಗೇ ದೊಡ್ಡಪ್ಪನ ವಾಯ್ಸ್ ಮೆಸೇಜ್: "ನೋಡಪ್ಪಾ, ಈ ಹೊಸ ತಳಿ ಹೊಸ ತಳಿ ಅಂತಾರಲ್ಲ, ಇದನ್ನ ಎಲ್ಲಿ ಮಾಡ್ತಾರೆ, ಹೆಂಗೆ ಮಾಡ್ತಾರೆ? ನಲವತ್ತು ವರ್ಷದಿಂದ ಕಬ್ಬು ಹಾಕ್ತಾ ಇದೀನಿ, ಒಬ್ರೂ ಹೇಳ್ಲಿಲ್ಲ ನೋಡು."

ದೊಡ್ಡಪ್ಪನದು ಭದ್ರಾ ನಾಲೆ ನೀರಿನ ಮೂರು ಎಕರೆ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಅಡಿಕೆಗೆ ಹೋದರೂ ಇವರು ಕಬ್ಬು ಬಿಟ್ಟಿಲ್ಲ. ಅವರಿಗೆ ಉತ್ತರ ಹೇಳಬೇಕು ಅಂತ ಕೂತಾಗ ಇದು ಅವರೊಬ್ಬರಿಗೆ ಮಾತ್ರ ಬೇಕಾದ ವಿಷಯ ಅಲ್ಲ ಅನ್ನಿಸಿತು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ರೈತರು ಟನ್‌ಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಾಗ, ಕಬ್ಬು ಬೆಳೆಯದವರ ಬಾಯಲ್ಲೂ 'ರಿಕವರಿ' (ಕಬ್ಬು ಅರೆದರೆ ಸಿಗುವ ಸಕ್ಕರೆಯ ಪಾಲು) ಅನ್ನುವ ಪದ ಬಂತು. ಆ ರಿಕವರಿಯ ಹಿಂದೆ ತಳಿಯ ಕತೆಯೂ ಇದೆ. ಬುಡದಿಂದಲೇ ನೋಡೋಣ.

ನಾವು ನೆಡುವುದು ಬೀಜ ಅಲ್ಲ

'ಕಬ್ಬಿನ ಬೀಜ ತಂದೆ' ಅಂತೇವೆ. ಆದರೆ ತರುವುದು ಬೀಜ ಅಲ್ಲ, ಕಬ್ಬಿನ ತುಂಡು. ಗೆಣ್ಣಿನ ಹತ್ತಿರ ಇರುವ ಕಣ್ಣು ಮೊಳೆತು ಹೊಸ ಪೈರು ಬರುತ್ತದೆ. ದಾಸವಾಳದ ಕಡ್ಡಿ ಮುರಿದು ನೆಟ್ಟ ಹಾಗೆ.

ಇದರ ಅರ್ಥ ಸ್ವಲ್ಪ ವಿಚಿತ್ರ. ಕಡ್ಡಿಯಿಂದ ಬಂದ ದಾಸವಾಳ ತಾಯಿ ಗಿಡದ ಮಗು ಅಲ್ಲ, ಅದೇ ಗಿಡ. ಹಾಗೆಯೇ ದೊಡ್ಡಪ್ಪನ ಮೂರು ಎಕರೆಯಲ್ಲಿರುವ ಲಕ್ಷಕ್ಕೂ ಹೆಚ್ಚು ಕಬ್ಬು ಒಂದಕ್ಕೊಂದು ಅಕ್ಕತಂಗಿಯರಲ್ಲ. ಎಲ್ಲವೂ ಒಂದೇ ಗಿಡದ ತುಂಡುಗಳು. ಮಂಡ್ಯದಲ್ಲಿ ಅದೇ ತಳಿ ಇದ್ದರೆ ಅದೂ ಇದೇ ಗಿಡ. ಎಷ್ಟೋ ವರ್ಷದ ಹಿಂದೆ ಒಂದು ಪುಟ್ಟ ಕುಂಡದಲ್ಲಿ ಹುಟ್ಟಿದ ಒಂದೇ ಒಂದು ಸಸಿಯನ್ನು ಕತ್ತರಿಸಿ, ನೆಟ್ಟು, ಮತ್ತೆ ಕತ್ತರಿಸಿ, ಮತ್ತೆ ನೆಟ್ಟು ಇಷ್ಟು ಜಿಲ್ಲೆಗಳಿಗೆ ಹಬ್ಬಿಸಿದ್ದೇವೆ ಅಷ್ಟೇ.

ನಮ್ಮ ಕಡೆಯವರಿಗೆ ಮೆಕ್ಕೆಜೋಳ ಗೊತ್ತಲ್ವಾ, ಅದಕ್ಕೆ ಹೋಲಿಸಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಹೈಬ್ರಿಡ್ ಮೆಕ್ಕೆಜೋಳದ ಪಾಕೆಟ್ ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು. ಈ ವರ್ಷದ ತೆನೆಯ ಕಾಳನ್ನೇ ಬರುವ ವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದಕ್ಕೆ ತೆನೆಯೇ ಸರಿಯಿಲ್ಲ, ಹೀಗೆ ಕೆಡುತ್ತದೆ. ಯಾಕಂದರೆ ಕಾಳು ಅಂದರೆ ನಿಜವಾದ ಬೀಜ, ಅದರಲ್ಲಿ ಅಪ್ಪ ಅಮ್ಮನ ಗುಣ ಮತ್ತೆ ಕಲಸಿಹೋಗುತ್ತದೆ. ಕಬ್ಬಿಗೆ ಆ ಕಾಟ ಇಲ್ಲ. ಒಮ್ಮೆ ಒಳ್ಳೆಯ ಸಸಿ ಸಿಕ್ಕಿತೋ, ಅದರ ಗುಣ ತುಂಡಿನಲ್ಲಿ ಹಾಗೇ ಮುಂದೆ ಹೋಗುತ್ತದೆ.

ಆದರೆ ಇದೇ ಅನುಕೂಲ ಇನ್ನೊಂದು ಕಡೆಯಿಂದ ತೊಡಕು. ತುಂಡು ನೆಡುತ್ತಾ ಹೋದರೆ ಸಾವಿರ ವರ್ಷ ಕಳೆದರೂ ಹೊಸದೇನೂ ಹುಟ್ಟುವುದಿಲ್ಲ (ಅಪರೂಪಕ್ಕೆ ತಾನಾಗಿ ಬದಲಾಗುವ ಕಣ್ಣು ಬಿಟ್ಟರೆ). ಹೊಸ ತಳಿ ಬೇಕಾದರೆ ಕಬ್ಬು ಹೂ ಬಿಡಬೇಕು, ಬೀಜ ಕಟ್ಟಬೇಕು.

ಸೂಲಂಗಿ: ರೈತನಿಗೆ ಬೇಡ, ತಳಿ ಮಾಡುವವರಿಗೆ ಬೇಕೇ ಬೇಕು

ಚಳಿಗಾಲದಲ್ಲಿ ಕೆಲವು ಕಬ್ಬಿನ ತಲೆಯ ಮೇಲೆ ಬೆಳ್ಳಗೆ, ಬೂದು ಬಣ್ಣಕ್ಕೆ ತಿರುಗುವ ಕುಚ್ಚು ಏಳುತ್ತದಲ್ಲ, ಅದೇ ಸೂಲಂಗಿ. ದಾರಿಯಲ್ಲಿ ಹೋಗುವವರಿಗೆ ಫೋಟೊ ತೆಗೆಯುವಷ್ಟು ಚೆಂದ. ಬೆಳೆದವನಿಗೆ ತಲೆನೋವು. ಸೂಲಂಗಿ ಬಂದರೆ ಆ ಜಲ್ಲೆ ಬೆಳೆಯುವುದು ನಿಂತಿತು ಅಂತಲೇ ಅರ್ಥ. ಕಟಾವು ತಡವಾದರೆ ಒಳಗೆ ಬೆಂಡಾಗುತ್ತದೆ, ತೂಕವೂ ಹೋಗುತ್ತದೆ, ಸಿಹಿಯೂ ಹೋಗುತ್ತದೆ.

ಆದರೆ ಒಂದು ಸೂಲಂಗಿಯಲ್ಲಿ ಸಾವಿರಾರು ಸಣ್ಣ ಸಣ್ಣ ಹೂ ಇರುತ್ತವೆ. ಪ್ರತಿ ಹೂವಿನಲ್ಲೂ ಗಂಡು ಭಾಗ, ಹೆಣ್ಣು ಭಾಗ ಎರಡೂ ಇದೆ. ಬೀಜ ಕಟ್ಟಿದರೆ ಅದು ಒಂದೆರಡು ಮಿಲಿಮೀಟರ್ ಉದ್ದ, ಸುತ್ತ ರೇಷ್ಮೆಯಂಥ ಕೂದಲು. ಕೈಯಲ್ಲಿ ಹಿಡಿದರೆ ಹಳೇ ದಿಂಬಿನ ಹತ್ತಿಯ ಹಾಗೆ ಕಾಣುತ್ತದೆ, ಇದರಿಂದ ಕಬ್ಬು ಬರುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಬಹಳ ಕಾಲ ಯಾರೂ ನಂಬಿಯೂ ಇರಲಿಲ್ಲ. ಕಬ್ಬು ಬೀಜದಿಂದ ಹುಟ್ಟುವುದೇ ಇಲ್ಲ ಅಂತ ಜಗತ್ತಿನ ತುಂಬಾ ತಿಳಿದಿದ್ದರು. 1880ರ ದಶಕದಲ್ಲಿ ಜಾವಾ ದ್ವೀಪದಲ್ಲಿ, ಅದೇ ಹೊತ್ತಿಗೆ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ ಬೀಜದಿಂದ ಸಸಿ ಎಬ್ಬಿಸಿ ತೋರಿಸಿದ ಮೇಲೆ ತಳಿ ಮಾಡುವ ಕೆಲಸ ಸರಿಯಾಗಿ ಶುರುವಾಯಿತು.

ಎಲ್ಲ ಊರಲ್ಲೂ ಸೂಲಂಗಿ ಬಂದು ಬೀಜ ಕಟ್ಟುವುದಿಲ್ಲ. ಹಗಲು ಸುಮಾರು ಹನ್ನೆರಡೂವರೆ ಗಂಟೆಗೆ ಇಳಿಯುವ ದಿನಗಳಲ್ಲಿ ಕಬ್ಬಿಗೆ ಹೂವಿನ ಸೂಚನೆ ಸಿಗುತ್ತದೆ. ಆಗ ಚಳಿಯೂ ಜಾಸ್ತಿ ಇರಬಾರದು, ಬಿಸಿಲೂ ಜಾಸ್ತಿ ಇರಬಾರದು, ನೆಲದಲ್ಲಿ ಪಸೆ ಇರಬೇಕು. ಉತ್ತರ ಭಾರತದ ಚಳಿಯಲ್ಲಿ ಇದು ಹೊಂದುವುದಿಲ್ಲ. ಕೊಯಮತ್ತೂರಿನಲ್ಲಿ ಹೊಂದುತ್ತದೆ. ದೇಶದ ಕಬ್ಬು ತಳಿ ಸಂಶೋಧನಾ ಸಂಸ್ಥೆ 1912ರಲ್ಲಿ ಅಲ್ಲಿ ಶುರುವಾಗಿದ್ದು ಇದೇ ಕಾರಣಕ್ಕೆ.

ಸಿಹಿ ಕಬ್ಬಿಗೂ ಕಾಡುಹುಲ್ಲಿಗೂ ಮದುವೆ

ಸಂಕ್ರಾಂತಿ ಹಿಂದಿನ ದಿನ ದಾವಣಗೆರೆ ಪೇಟೆಯಲ್ಲಿ ಕರಿ ಕಬ್ಬು ರಾಶಿ ಹಾಕಿ ಮಾರುತ್ತಾರೆ. ದಪ್ಪ, ಮೆತ್ತಗೆ, ಹಲ್ಲಲ್ಲಿ ಸಿಗಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಅದೇ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿನಿಂದ ಎಳೆದ ಜಲ್ಲೆ ಕಚ್ಚಿ ನೋಡಿ. ಚಿಕ್ಕವರಿದ್ದಾಗ ನಾವೆಲ್ಲ ಟ್ರೇಲರ್ ಹಿಂದೆ ಓಡಿ ಎಳೆದವರೇ, ವಸಡು ಕೊಯ್ಯಿಸಿಕೊಂಡವರೇ.

ಈ ಎರಡು ಕಬ್ಬಿನ ವ್ಯತ್ಯಾಸದಲ್ಲೇ ನೂರು ವರ್ಷದ ಇತಿಹಾಸ ಇದೆ. ತಿನ್ನುವ ಕಬ್ಬು ಹೆಚ್ಚುಕಡಿಮೆ ಹಳೇ ಕುಲದ ಶುದ್ಧ ಸಿಹಿ ಕಬ್ಬು. ಹಿಂದೆ ಮೈಸೂರು ಸೀಮೆಯಲ್ಲಿ ಬೆಳೆಯುತ್ತಿದ್ದ ರಸದಾಳಿ, ಪಟ್ಟಾಪಟ್ಟಿ ಇದೇ ಜಾತಿಯವು. ರಸ ಜಾಸ್ತಿ, ನಾರು ಕಡಿಮೆ, ಆದರೆ ಬಲು ನಾಜೂಕು. ನೀರು ತಪ್ಪಿದರೆ ಒಣಗುತ್ತದೆ, ರೋಗ ಬಂದರೆ ಮಲಗುತ್ತದೆ. ಇನ್ನೊಂದು ಕಡೆ ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಕಬ್ಬು ಇದೆ. ಬೆರಳಿನಷ್ಟು ಸಣ್ಣ, ಸಿಹಿ ಇಲ್ಲವೇ ಇಲ್ಲ ಅನ್ನಬಹುದು, ಹುಲ್ಲು ಅಂತಲೇ ಕರೆಯುತ್ತಾರೆ. ಆದರೆ ಬರ, ನೆರೆ, ರೋಗ ಯಾವುದಕ್ಕೂ ಜಗ್ಗುವುದಿಲ್ಲ. ಕೊಯ್ದಷ್ಟೂ ಚಿಗುರುತ್ತದೆ.

ಕೊಯಮತ್ತೂರಿನಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅನ್ನುವ ವಿಜ್ಞಾನಿಗಳು ಇವೆರಡಕ್ಕೂ ಗಂಟು ಹಾಕಿದರು. ವೆಲ್ಲೈ ಅನ್ನುವ ಸಿಹಿ ಕಬ್ಬು ತಾಯಿ, ಅಲ್ಲೇ ಸುತ್ತಮುತ್ತ ಬೆಳೆಯುತ್ತಿದ್ದ ಕಾಡುಕಬ್ಬು ತಂದೆ. ಹುಟ್ಟಿದ ತಳಿ ಕೋ 205. 1918ರಲ್ಲಿ ಪಂಜಾಬಿಗೆ ಹೋಯಿತು. ಜಾವಾದಲ್ಲಿ ಡಚ್ಚರೂ ಇದೇ ದಾರಿ ಹಿಡಿದು 1920ರ ದಶಕದಲ್ಲಿ ಪಿಒಜೆ 2878 ಅನ್ನುವ ಹೆಸರುವಾಸಿ ತಳಿ ತಂದರು. ಅದನ್ನು ತಾಯಿ ಮಾಡಿಕೊಂಡು, ಕೋ 290 ಅನ್ನುವುದನ್ನು ತಂದೆ ಮಾಡಿ ಕೊಯಮತ್ತೂರಿನವರು ತೆಗೆದದ್ದು ಕೋ 419. ನಮ್ಮ ಅಜ್ಜಂದಿರ ಕಾಲದಲ್ಲಿ ರಾಜ್ಯದ ತುಂಬಾ ಇದ್ದದ್ದು ಇದೇ.

ಕಾಡುಕಬ್ಬಿನ ಜೊತೆ ಒಂದೇ ಸಲ ಮದುವೆ ಮಾಡಿ ಬಿಟ್ಟರೆ ಬರುವ ಸಸಿ ಗಟ್ಟಿ ಇರುತ್ತದೆ, ಸಿಹಿ ಅಷ್ಟಕ್ಕಷ್ಟೆ. ಅದಕ್ಕೇ ಆ ಸಸಿಯನ್ನು ಮತ್ತೆ ಸಿಹಿ ಕಬ್ಬಿನ ಜೊತೆ, ಅದರ ಮಕ್ಕಳನ್ನು ಇನ್ನೊಮ್ಮೆ ಸಿಹಿ ಕಬ್ಬಿನ ಜೊತೆ ಕೂಡಿಸುತ್ತಾರೆ. ಗಟ್ಟಿತನ ಉಳಿಯಬೇಕು, ಸಿಹಿ ಮರಳಬೇಕು. ಚಹಾ ಸಪ್ಪೆ ಆಯಿತು ಅಂತ ಚಮಚ ಚಮಚ ಸಕ್ಕರೆ ಹಾಕುತ್ತಾ ರುಚಿ ನೋಡಿದ ಹಾಗೆ. ಇವತ್ತಿನ ತಳಿಗಳಲ್ಲಿ ಸುಮಾರು ಎಂಟಾಣೆಗಿಂತ ಎಷ್ಟೋ ಜಾಸ್ತಿ, ಅಂದರೆ ಶೇ 80ರಷ್ಟು ಸಿಹಿ ಕಬ್ಬಿನ ಅಂಶ, ಶೇ 10ರಿಂದ 20ರಷ್ಟು ಕಾಡಿನದು.

ನಡುವೆ ಒಂದು ಮಾತು. ಕೇರಳದ ತಲಶ್ಶೇರಿಯಿಂದ ಬಂದ ಸಸ್ಯ ವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ 1930ರ ದಶಕದಲ್ಲಿ ಇದೇ ಕೊಯಮತ್ತೂರಿನಲ್ಲಿ ಕೆಲಸ ಮಾಡಿದರು. ಕಬ್ಬಿಗೂ ಮೆಕ್ಕೆಜೋಳಕ್ಕೂ ಕೂಡಿಸಿ ಸಸಿ ತೆಗೆದಿದ್ದರು ಅವರು. ಗದ್ದೆಗೆ ಬರಲಿಲ್ಲ ಬಿಡಿ. ಆದರೆ ಕಬ್ಬು, ಜೋಳ, ಮೆಕ್ಕೆಜೋಳ ಮೂರೂ ಒಂದೇ ಹುಲ್ಲಿನ ಕುಟುಂಬದ ನೆಂಟರು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಇಸ್ಪೀಟ್ ಕಟ್ಟು ಕಲಸಿದ ಹಾಗೆ

ಒಳ್ಳೆಯ ಅಪ್ಪ, ಒಳ್ಳೆಯ ಅಮ್ಮ ಆರಿಸಿದರೆ ಒಳ್ಳೆಯ ಮಗು ಬರಬೇಕಲ್ವಾ? ಕಬ್ಬಿನಲ್ಲಿ ಹಾಗೆ ಹೇಳಲಿಕ್ಕೆ ಆಗುವುದಿಲ್ಲ.

ಗುಣಗಳನ್ನು ಹೊತ್ತು ತರುವುದು ವರ್ಣತಂತು. ಅದನ್ನು ಇಸ್ಪೀಟ್ ಎಲೆ ಅಂದುಕೊಳ್ಳಿ. ಮನುಷ್ಯರಿಗೆ ಎರಡು ಕಟ್ಟು: ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಒಟ್ಟು 46 ಎಲೆ. ಲೆಕ್ಕ ಸುಲಭ. ಈಗಿನ ಕಬ್ಬಿನಲ್ಲಿ 100ರಿಂದ 130 ಎಲೆ. ಒಂದೇ ಎಲೆ ಹತ್ತು, ಹನ್ನೆರಡು ಸಲ ಇರುತ್ತದೆ. ಅದರಲ್ಲೂ ಹೆಚ್ಚಿನವು ಒಂದು ಕಂಪನಿಯ ಕಟ್ಟಿನವು, ಕೆಲವು ಬೇರೆ ಕಂಪನಿಯವು, ಇನ್ನು ಕೆಲವು ಅರ್ಧ ಅದು ಅರ್ಧ ಇದು ಹರಿದು ಅಂಟಿಸಿದವು. ಇಂಥ ಎರಡು ಕಟ್ಟು ಕಲಸಿ ಹಂಚಿದರೆ ಯಾರ ಕೈಗೆ ಏನು ಬರುತ್ತದೆ ಅಂತ ಹೇಳುವವರು ಯಾರು?

ಹಾಗಾಗಿ ಒಂದೇ ಸೂಲಂಗಿಯಿಂದ ಬಂದ ಸಾವಿರ ಸಸಿಯೂ ಬೇರೆ ಬೇರೆ. ಒಂದು ದಪ್ಪ, ಒಂದು ಸಣಕಲು, ಒಂದು ಬೀಳುತ್ತದೆ, ಒಂದಕ್ಕೆ ಮುಟ್ಟಲಾಗದಷ್ಟು ಸುಂಕು (ಚುಚ್ಚುವ ಸಣ್ಣ ಕೂದಲು). ಬಹುಪಾಲು ಅಪ್ಪ ಅಮ್ಮನಿಗಿಂತ ಕೆಟ್ಟವೇ. ಅಕ್ಕಿ, ಗೋಧಿಯ ಜೀನುಗಳ ನಕ್ಷೆ ಬಂದು ಎಷ್ಟೋ ವರ್ಷವಾದ ಮೇಲೆ, 2024ರಲ್ಲಿ, ಆರ್570 ಅನ್ನುವ ಒಂದು ಕಬ್ಬು ತಳಿಯ ಪೂರ್ತಿ ನಕ್ಷೆ ಪ್ರಕಟವಾಯಿತು. ತಡವಾದದ್ದು ಇದೇ ಎಲೆಗಳ ಗೋಜಲಿಗೆ.

ಅಕ್ಟೋಬರ್ ಬಂದರೆ ಕೊಯಮತ್ತೂರು

ಈಗ ಕೆಲಸ ನಡೆಯುವ ರೀತಿ ನೋಡಿ. ಕೊಯಮತ್ತೂರಿನ ಸಂಸ್ಥೆಯಲ್ಲಿ ರಾಷ್ಟ್ರೀಯ ಸಂಕರಣ ತೋಟ ಅಂತ ಒಂದಿದೆ. ದೇಶದ ಬೇರೆ ಬೇರೆ ಕಡೆಯ ಆಯ್ದ ತಳಿಗಳನ್ನೆಲ್ಲ ಅಲ್ಲಿ ಸಾಲಾಗಿ ಬೆಳೆಸಿರುತ್ತಾರೆ. ವಧೂವರರ ಸಮಾವೇಶ ಅಂದುಕೊಳ್ಳಿ. ಅಕ್ಟೋಬರ್, ನವೆಂಬರ್‌ನಲ್ಲಿ ಸೂಲಂಗಿ ಬರುವ ಹೊತ್ತಿಗೆ ರಾಜ್ಯ ರಾಜ್ಯದ ಸಂಶೋಧಕರು ಬಂದು ತಮಗೆ ಬೇಕಾದ ಜೋಡಿ ಹಾಕಿಸುತ್ತಾರೆ. ನಮ್ಮ ರಾಜ್ಯದಿಂದ ಮಂಡ್ಯದ ವಿ.ಸಿ. ಫಾರಂ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಕೇಂದ್ರ ಕಬ್ಬು ತಳಿಯ ಕೆಲಸ ಮಾಡುವ ಮುಖ್ಯ ಜಾಗಗಳು.

ಯಾವುದು ಗಂಡು, ಯಾವುದು ಹೆಣ್ಣು? ಎರಡೂ ಭಾಗ ಒಂದೇ ಹೂವಿನಲ್ಲಿ ಇರುವುದರಿಂದ ಅದನ್ನು ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು. ಹೂವಿನ ಪರಾಗ ಉದುರಿಸಿ ಅಯೋಡಿನ್ ಹನಿ ಹಾಕುತ್ತಾರೆ. ಜೀವ ಇರುವ ಪರಾಗದಲ್ಲಿ ಪಿಷ್ಟ ಇರುತ್ತದೆ, ಅದು ಕಪ್ಪು ನೀಲಿಗೆ ತಿರುಗುತ್ತದೆ. ಹೈಸ್ಕೂಲಿನಲ್ಲಿ ಆಲೂಗಡ್ಡೆ ಮೇಲೆ ಅಯೋಡಿನ್ ಹಾಕಿ ನೋಡಿದ್ದೆವಲ್ಲ, ಅದೇ ಪಾಠ. ಪರಾಗ ಚೆನ್ನಾಗಿರುವ ತಳಿ ತಂದೆ. ಪರಾಗ ಟೊಳ್ಳಾಗಿರುವುದು ತಾಯಿ, ಯಾಕಂದರೆ ಅದು ತನ್ನ ಪರಾಗದಿಂದ ತಾನೇ ಬೀಜ ಕಟ್ಟಿಕೊಳ್ಳುವ ಭಯ ಇಲ್ಲ.

ತಾಯಿಯ ಸೂಲಂಗಿಯನ್ನು ಬಟ್ಟೆಯ ಗೂಡಿನೊಳಗೆ ಇಡುತ್ತಾರೆ. ತಂದೆಯ ಸೂಲಂಗಿಯನ್ನು ಅದರ ಮೇಲೆ, ಸ್ವಲ್ಪ ಎತ್ತರಕ್ಕೆ ಕಟ್ಟುತ್ತಾರೆ. ಬೆಳಗಿನ ಜಾವ ಹೂ ಅರಳಿದಾಗ ಪರಾಗ ಕೆಳಗೆ ಉದುರುತ್ತದೆ. ಸುಮಾರು ಒಂದು ತಿಂಗಳಲ್ಲಿ ಬೀಜ ಬಲಿಯುತ್ತದೆ. ಆ ಹತ್ತಿಯಂಥ ಬೀಜವನ್ನು ಬಿಡಿಸುವ ಗೋಜಿಗೆ ಹೋಗದೆ, ಕೂದಲು ಸಮೇತ ಟ್ರೇನಲ್ಲಿ ಹರಡಿ, ನೀರು ಚಿಮುಕಿಸಿದರೆ ನಾಲ್ಕೈದು ದಿನದಲ್ಲಿ ಹಸಿರು ಕೂದಲಿನ ಹಾಗೆ ಮೊಳಕೆ ಏಳುತ್ತದೆ. ರಾಗಿ ಮಡಿಗಿಂತ ಸಣ್ಣದು. ಅದರಲ್ಲಿ ಯಾವುದೋ ಒಂದು ಮುಂದೆ ಲಕ್ಷಾಂತರ ಎಕರೆ ಆಗಬಹುದು. ಉಳಿದದ್ದೆಲ್ಲ ಗೊಬ್ಬರದ ಗುಂಡಿಗೆ.

ಹನ್ನೆರಡು ವರ್ಷ ಏನು ಮಾಡುತ್ತಾರೆ?

ಜರಡಿ ಹಿಡಿಯುತ್ತಾರೆ. ಸಾವಿರಾರು ಸಸಿ ಗದ್ದೆಗೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಕಣ್ಣಳತೆಯಲ್ಲೇ ಬಹುಪಾಲು ಹೊರಗೆ: ಸಣಕಲು, ಬಾಗಿದ್ದು, ಬೆಂಡಾದದ್ದು. ಉಳಿದದ್ದನ್ನು ತುಂಡು ಮಾಡಿ ಸಾಲಿನಲ್ಲಿ ನೆಡುತ್ತಾರೆ. ಮತ್ತೆ ಜರಡಿ. ಹೀಗೆ ಉಳಿದ ಕೆಲವನ್ನು ಅಖಿಲ ಭಾರತ ಮಟ್ಟದ ಯೋಜನೆಯಲ್ಲಿ ಬೇರೆ ಬೇರೆ ರಾಜ್ಯದ ಮಣ್ಣಿನಲ್ಲಿ ನೆಟ್ಟು, ಎರಡು ನಾಟಿ ಬೆಳೆ, ಒಂದು ಕೂಳೆ ಬೆಳೆ (ಕಟಾವಾದ ಬುಡದಿಂದಲೇ ಮತ್ತೆ ಏಳುವುದು) ತೆಗೆದು ನೋಡುತ್ತಾರೆ. ಕಬ್ಬು ಒಂದು ಬೆಳೆಗೇ ಹತ್ತು ಹನ್ನೆರಡು ತಿಂಗಳು ತಿನ್ನುತ್ತದೆ, ಆತುರ ಮಾಡಿದರೂ ಬೇಗ ಬರುವುದಿಲ್ಲ. ಅಲ್ಲಿಗೆ ಹನ್ನೆರಡು, ಹದಿನಾಲ್ಕು ವರ್ಷ ಆಗಿಯೇ ಬಿಡುತ್ತದೆ.

ಸಿಹಿ ಅಳೆಯುವುದು ಬ್ರಿಕ್ಸ್ ಮೀಟರ್‌ನಲ್ಲಿ. ಕಬ್ಬಿನ ನಡು ಭಾಗಕ್ಕೆ ಚುಚ್ಚಿ, ಒಂದು ಹನಿ ರಸ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಅಂಕಿ ಕಾಣುತ್ತದೆ. 20 ಅಂದರೆ ನೂರು ಗ್ರಾಂ ರಸದಲ್ಲಿ 20 ಗ್ರಾಂ ಕರಗಿದ ಪದಾರ್ಥ ಇದೆ ಅಂತ. ಅದಷ್ಟೂ ಸಕ್ಕರೆ ಅಲ್ಲ, ಆದರೆ ಬಹುಪಾಲು ಅದೇ.

ರೋಗದ ಪರೀಕ್ಷೆ ಇನ್ನೂ ಕಠಿಣ. ಕೆಂಪು ಕೊಳೆ ರೋಗದ ಶಿಲೀಂಧ್ರವನ್ನು ಬೇಕೆಂದೇ ಕಬ್ಬಿನೊಳಗೆ ಸೇರಿಸಿ, ಬಾಯಿ ಮುಚ್ಚಿ, ಕೆಲವು ವಾರ ಬಿಟ್ಟು ಸೀಳಿ ನೋಡುತ್ತಾರೆ. ಸೋತ ಕಬ್ಬಿನ ಒಳಗೆ ಕೆಂಪು, ನಡುನಡುವೆ ಬಿಳಿ ಅಡ್ಡಪಟ್ಟಿ, ಮೂಗಿಗೆ ಹೆಂಡದ ವಾಸನೆ. ಎಷ್ಟೇ ಸಿಹಿ ಇದ್ದರೂ ಇಲ್ಲಿ ಸೋತರೆ ಆ ತಳಿ ಮುಂದೆ ಹೋಗುವುದು ಕಷ್ಟ.

ಕೂಳೆ ಯಾಕೆ ನೋಡಬೇಕು? ಮೊದಲ ವರ್ಷ ಉಳುಮೆ, ಬೀಜ, ನಾಟಿ ಕೂಲಿ ಎಲ್ಲ ಖರ್ಚು ಬಿದ್ದಿರುತ್ತದೆ. ಕಟಾವಾದ ಮೇಲೆ ಅದೇ ಬುಡದಿಂದ ಏಳುವ ಕೂಳೆಯಲ್ಲಿ ಆ ಖರ್ಚು ಇಲ್ಲ. ದುಡ್ಡು ಕಾಣುವುದು ಅಲ್ಲಿ. ಮೊದಲ ವರ್ಷ ಅಬ್ಬರಿಸಿ ಕೂಳೆಯಲ್ಲಿ ಮುಗ್ಗರಿಸುವ ತಳಿಯನ್ನು ನಮ್ಮ ಕಡೆ ಯಾರೂ ಎರಡನೇ ಸಲ ಮುಟ್ಟುವುದಿಲ್ಲ.

ನಂಬರಿನ ಗುಟ್ಟು

ಕೋ 86032 ಅಂದಾಗ ಅದು ಸುಮ್ನೆ ಕೊಟ್ಟ ನಂಬರ್ ಅಲ್ಲ. ಕೋ ಅಂದರೆ ಕೊಯಮತ್ತೂರು. 86 ಅಂದರೆ ನಂಬರ್ ಸಿಕ್ಕಿದ ವರ್ಷ 1986. 032 ಅಂದರೆ ಆ ವರ್ಷದ 32ನೆಯದು. ಬಿಡುಗಡೆಯಾದದ್ದು 2000ದಲ್ಲಿ. ಹೆಸರಿಗೂ ಬಿಡುಗಡೆಗೂ ನಡುವೆ ಹದಿನಾಲ್ಕು ವರ್ಷ. ದೊಡ್ಡಪ್ಪ ಬರೀ 'ಅರವತ್ತೆರಡು' ಅಂತ ಕರೆಯುವ ಕೋ 62175 ಕೂಡ ಹೀಗೇ, 1962ರ 175ನೆಯದು. ಕೋಎಂ 0265 ಅಂದರೆ ಮಹಾರಾಷ್ಟ್ರದ್ದು, ಪಾಡೇಗಾಂವ್ ಕೇಂದ್ರದಿಂದ ಬಂದದ್ದು, ಉಪ್ಪಿನಂಶದ ನೆಲವನ್ನು ಸ್ವಲ್ಪ ತಡೆಯುತ್ತದೆ. ವಿಸಿಎಫ್ 0517 ನಮ್ಮ ಮಂಡ್ಯದ ವಿ.ಸಿ. ಫಾರಂನದು. ತೀರಾ ಹಳೆಯ ಕೋ 419ರಲ್ಲಿ ಮಾತ್ರ ವರ್ಷ ಹುಡುಕಬೇಡಿ, ಆಗ ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋಗುತ್ತಿದ್ದರು.

ರೈತನಿಗೆ ತೂಕ, ಕಾರ್ಖಾನೆಗೆ ಸಿಹಿ

ಈಗ ರಿಕವರಿಗೆ ಬರೋಣ. ನೂರು ಕೆಜಿ ಕಬ್ಬು ಅರೆದರೆ ಎಷ್ಟು ಕೆಜಿ ಸಕ್ಕರೆ ಕೈಗೆ ಬರುತ್ತದೋ ಅದೇ ರಿಕವರಿ. ಕೇಂದ್ರ ಸರ್ಕಾರ ಪ್ರತಿ ವರ್ಷ ನಿಗದಿ ಮಾಡುವ ಎಫ್‌ಆರ್‌ಪಿ ದರ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ) ಇದರ ಮೇಲೇ ನಿಂತಿದೆ. 2025-26ಕ್ಕೆ ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್‌ಗೆ 3,550. ರಿಕವರಿ ಅದಕ್ಕಿಂತ 0.1 ಹೆಚ್ಚಾದರೆ ಕ್ವಿಂಟಲ್‌ಗೆ 3.46 ರೂಪಾಯಿ ಜಾಸ್ತಿ. ಕಡಿಮೆಯಾದರೆ ಅಷ್ಟೇ ಕಡಿತ, ಆದರೆ ಶೇ 9.5ಕ್ಕಿಂತ ಕೆಳಗೆ ಹೋದರೂ 329.05ಕ್ಕಿಂತ ಇಳಿಸುವಂತಿಲ್ಲ. ಕಟಾವು, ಸಾಗಣೆ ಖರ್ಚು ಕಳೆದು ಕೈಗೆ ಬರುವುದು ಬೇರೆ ಲೆಕ್ಕ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ರಿಕವರಿ ಲೆಕ್ಕ ಹಾಕುವುದು ಇಡೀ ಕಾರ್ಖಾನೆಗೆ, ಒಬ್ಬೊಬ್ಬ ರೈತನ ಕಬ್ಬಿಗಲ್ಲ. ನಿಮ್ಮ ಕಬ್ಬು ಜೇನಿನಂತಿದ್ದರೂ, ಪಕ್ಕದವರದ್ದು ಸಪ್ಪೆ ಇದ್ದರೂ ಇಬ್ಬರಿಗೂ ಒಂದೇ ದರ. ಹಾಗಿದ್ದಾಗ ರೈತ ಏನು ಮಾಡುತ್ತಾನೆ? ಒಂದು ತಳಿ ಎಕರೆಗೆ 45 ಟನ್, ಸಿಹಿ ಕಡಿಮೆ. ಇನ್ನೊಂದು 38 ಟನ್, ಸಿಹಿ ಜಾಸ್ತಿ. ವೇಬ್ರಿಡ್ಜ್‌ನಲ್ಲಿ ಕಾಣುವುದು ತೂಕ ಮಾತ್ರ. 45ನ್ನೇ ಆರಿಸುತ್ತಾನೆ. ಕಾರ್ಖಾನೆಗೆ ಬೇಕಾದದ್ದು 38ರದ್ದು. ತಳಿ ಮಾಡುವವರು ಇಬ್ಬರ ನಡುವೆ ಸಿಕ್ಕಿಕೊಂಡಿರುತ್ತಾರೆ. ಕೋ 86032 ಇಷ್ಟು ವರ್ಷ ಬಾಳಿದ್ದು ತೂಕ, ಸಿಹಿ, ಕೂಳೆ ಮೂರರಲ್ಲೂ ಪಾಸು ಅನ್ನುವಷ್ಟು ಅಂಕ ತೆಗೆದದ್ದಕ್ಕೆ. ಯಾವುದರಲ್ಲೂ ರ‍್ಯಾಂಕ್ ಬರದಿದ್ದರೂ ಸರಿ.

ನೆಲದ ವಿಷಯವೂ ಇದೆ. ಭದ್ರಾ ನಾಲೆಯ ಗದ್ದೆಗೆ ಒಗ್ಗಿದ್ದು ಹಿರಿಯೂರಿನ ವಾಣಿವಿಲಾಸ ಸಾಗರದ ಕೆಳಗೆ, ಸವಳು ನೀರಿನ ಬೋರ್‌ವೆಲ್ ಇರುವ ಕಡೆ ಒಗ್ಗಬೇಕು ಅಂತೇನಿಲ್ಲ.

ತಳಿ ಸುಸ್ತಾಗುತ್ತದಾ?

"ಅರವತ್ತೆರಡು ಈಗ ಸುಸ್ತಾಗೈತಪ್ಪಾ, ಮೊದ್ಲಿನ ಥರ ಬರಲ್ಲ" ಅನ್ನುತ್ತಾರೆ ದೊಡ್ಡಪ್ಪ. ಎಲ್ಲ ಊರಲ್ಲೂ ಈ ಮಾತಿದೆ. ಗಿಡದ ಗುಣ ಹಾಗೆಲ್ಲ ಸವೆಯುವುದಿಲ್ಲ. ಸವೆಯುವುದು ನಾವು ನೆಡುವ ತುಂಡು. ಅದೇ ಗದ್ದೆಯ ಕಬ್ಬನ್ನೇ ಬೀಜ ಮಾಡಿ, ಅದರ ಬೀಜವನ್ನೇ ಮತ್ತೆ ನೆಟ್ಟು ಹತ್ತು ವರ್ಷ ಹೋದರೆ ತುಂಡಿನೊಳಗೆ ಕಣ್ಣಿಗೆ ಕಾಣದ ರೋಗಗಳು ಕೂಡುತ್ತಾ ಬರುತ್ತವೆ. ಹುಲ್ಲಿನಂತೆ ಸಣ್ಣ ಸಣ್ಣ ಮರಿ ಏಳುವ ರೋಗ ಹೀಗೇ ಹರಡುವುದು. ಅದಕ್ಕೆ ಬೀಜದ ಕಬ್ಬನ್ನು 54 ಡಿಗ್ರಿಯ ತೇವದ ಬಿಸಿಗಾಳಿಯಲ್ಲಿ ನಾಲ್ಕು ಗಂಟೆ ಇಟ್ಟು ನೆಡುವ ಪದ್ಧತಿ ಇದೆ. ಅಂಗಾಂಶ ಕೃಷಿಯಲ್ಲಿ ತೀರಾ ತುದಿಯ ಚಿಗುರನ್ನು ತೆಗೆದು ಬೆಳೆಸುವುದೂ ವೈರಸ್ ಕಳೆಯಲಿಕ್ಕೆ. ಹಳೇ ತಳಿಯ ಶುದ್ಧ ಸಸಿ ತಂದು ನೆಟ್ಟವರು 'ಹೊಸ ತಳಿ ತರಾನೇ ಬಂತು' ಅನ್ನುವುದು ಇದಕ್ಕೇ.

ಮೂರು ವರ್ಷದ ಹಿಂದೆ ದೊಡ್ಡಪ್ಪ ಇದರಲ್ಲಿ ಒಮ್ಮೆ ಕೈ ಸುಟ್ಟುಕೊಂಡರು. ಯಾರೋ 'ಹೊಸದು' ಅಂತ ಕೊಟ್ಟ ಬೀಜ ತಂದರು. ಚೀಟಿ ಇಲ್ಲ, ನಂಬರ್ ಇಲ್ಲ. ನಾಲ್ಕನೇ ತಿಂಗಳಿಗೆ ಸುಳಿಯಿಂದ ಕಪ್ಪು ಚಾಟಿಯಂಥದ್ದು ಹೊರಟಿತು. ಮುಟ್ಟಿದರೆ ಮಸಿ ಕೈಗೆ. ಕಾಡಿಗೆ ರೋಗ. ಗೋಣಿಚೀಲ ಹೊದಿಸಿ ಒಂದೊಂದೇ ಬುಡ ಕಿತ್ತು ಸುಟ್ಟದ್ದು ನನಗೂ ನೆನಪಿದೆ, ಆ ಮಸಿ ಅಂಗಿಯಿಂದ ಹೋಗಲೇ ಇಲ್ಲ.

ಇನ್ನೊಂದು ರೀತಿಯ ಸುಸ್ತು ನಿಜವಾದದ್ದು. ರೋಗಾಣು ಬದಲಾಗುತ್ತದೆ, ಕಬ್ಬು ಬದಲಾಗುವುದಿಲ್ಲ. ಉತ್ತರ ಪ್ರದೇಶದಲ್ಲಿ ಕೋ 0238 ಅನ್ನುವ ತಳಿ 2009ರಲ್ಲಿ ಬಿಡುಗಡೆಯಾಗಿ, ತೂಕ ರಿಕವರಿ ಎರಡನ್ನೂ ಏರಿಸಿ, ಹತ್ತೇ ವರ್ಷದಲ್ಲಿ ಆ ರಾಜ್ಯದ ಕಬ್ಬಿನ ನೆಲದ ಶೇ 80ಕ್ಕೂ ಹೆಚ್ಚು ಆವರಿಸಿತು. ಆಮೇಲೆ ಕೆಂಪು ಕೊಳೆ ರೋಗ ಅದನ್ನು ಹಿಡಿಯಿತು. ಎಲ್ಲವೂ ಒಂದೇ ಗಿಡ ಅಂತ ಮೊದಲೇ ಹೇಳಿದೆನಲ್ಲ, ಒಂದಕ್ಕೆ ಬೀಗ ತೆಗೆದ ಕೀಲಿ ಎಲ್ಲ ಮನೆಗೂ ಆಯಿತು. ಊರಲ್ಲಿ ಎರಡು ಮೂರು ತಳಿ ಇರಲಿ ಅಂತ ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ.

ಕುಲಾಂತರಿ ಕಬ್ಬು?

ಬ್ರೆಜಿಲ್‌ನಲ್ಲಿ ಕೊರಕ ಹುಳು ತಡೆಯುವ ಕುಲಾಂತರಿ ಕಬ್ಬಿಗೆ 2017ರಲ್ಲಿ ಒಪ್ಪಿಗೆ ಸಿಕ್ಕಿದೆ. ಇಂಡೋನೇಷ್ಯಾದಲ್ಲಿ ಬರ ತಡೆಯುವಂಥದ್ದಕ್ಕೂ ಸಿಕ್ಕಿದೆ. ನಮ್ಮ ದೇಶದಲ್ಲಿ ಗದ್ದೆಗೆ ಬಂದಿರುವ ತಳಿಗಳಲ್ಲಿ ಬಹುಪಾಲು ಮೇಲೆ ಹೇಳಿದ ಹಾಗೆ ಸೂಲಂಗಿಗೆ ಸೂಲಂಗಿ ಕೂಡಿಸಿ ತೆಗೆದವು.

ಆ ನೂರು ಟನ್

ಮತ್ತೆ ವಿಡಿಯೊಗೆ ಬರೋಣ. ಒಂದು ಎಕರೆ ಅಂದರೆ 43,560 ಚದರ ಅಡಿ. ಕಟಾವಿನ ಹೊತ್ತಿಗೆ 40,000 ಜಲ್ಲೆ ನಿಂತಿದೆ ಅಂದುಕೊಳ್ಳಿ, ಹೆಚ್ಚುಕಡಿಮೆ ಚದರ ಅಡಿಗೆ ಒಂದು. ಒಂದು ಜಲ್ಲೆ ಒಂದು ಕೆಜಿ ತೂಗಿದರೆ 40 ಟನ್. ನೂರು ಟನ್ ಬೇಕಾದರೆ ಪ್ರತಿ ಜಲ್ಲೆ ಎರಡೂವರೆ ಕೆಜಿ ತೂಗಬೇಕು. ಒಂದೆರಡಲ್ಲ, ನಲವತ್ತು ಸಾವಿರವೂ. ಅಷ್ಟು ತೆಗೆದವರು ಇಲ್ಲ ಅಂತಲ್ಲ. ಅಗಲ ಸಾಲು, ಡ್ರಿಪ್, ಗೊಬ್ಬರ, ಹಗಲು ರಾತ್ರಿ ಗದ್ದೆಯಲ್ಲೇ ಇದ್ದು ತೆಗೆದಿದ್ದಾರೆ. ತಳಿಯೊಂದೇ ಅದನ್ನು ಕೊಡುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿದರು. ಆಮೇಲೆ ಆ ವಿಡಿಯೊದ ನಂಬರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರಂತೆ: "ತಳಿ ನಂಬರ್ ಏನ್ರೀ?" ಆ ಕಡೆಯಿಂದ "ನಂಬರ್ ಗಿಂಬರ್ ಇಲ್ಲಣ್ಣ, ನಾವು ಸೂಪರ್ ಅಂತೀವಿ" ಅಂದರಂತೆ. ಇಟ್ಟುಬಿಟ್ಟರು.

ಈಗ ನಾಲೆ ಕಡೆಯ ಮೂಲೆಯಲ್ಲಿ ಎರಡು ಸಾಲು ವಿಸಿಎಫ್ 0517 ಹಾಕಿದ್ದಾರೆ, ಪಕ್ಕದಲ್ಲೇ ಅರವತ್ತೆರಡು. ಕಟಾವಿನ ಗ್ಯಾಂಗಿನವರು ಎರಡನ್ನೂ ಕಲಸಬಾರದು ಅಂತ ಕೆಂಪು ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದಾರೆ. ಹೇಗಿದೆ ದೊಡ್ಡಪ್ಪ ಅಂದರೆ, "ಕೂಳೆ ಏಳ್ಲಿ ತಡಿಯಪ್ಪಾ, ಆಮೇಲೆ ಹೇಳ್ತೀನಿ" ಅನ್ನುತ್ತಾರೆ.